ಜೀರ್ಣೋದ್ಧಾರವೂ ಸತ್ಯವೂ

೧

ಒಡೆದುಹೋದ ವಸ್ತುವೊಂದನ್ನು ಮೊದಲಿದ್ದಂತೆಯೇ ಮತ್ತೆ ಮಾಡಿ ನಿಲ್ಲಿಸಿದರೆ ಆ ಹೊಸತು ಹಳೆಯದೇ ಆಗುವುದೇ? ಆಗದಿದ್ದರೆ ಅದನ್ನು ಏನೆಂದು ಕರೆಯತಕ್ಕದ್ದು? ಈ ಪ್ರಶ್ನೆ ಮೊದಲ ನೋಟಕ್ಕೆ ತಾರ್ಕಿಕರ ಕಾಲಹರಣದಂತೆ ತೋರಬಹುದು. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ಇದರ ಬೆನ್ನಿಗೆ ನೀತಿಯ ಪ್ರಶ್ನೆಯೊಂದು ನಿಂತಿರುವುದು ಕಾಣುತ್ತದೆ. ಮತ್ತೆ ಮಾಡಿದವನು ಮುಂದಿನವರಿಗೆ ಏನನ್ನು ತಿಳಿಸಬೇಕು, ಏನನ್ನು ತಿಳಿಸದೆ ಬಿಟ್ಟರೆ ಅವನಿಗೆ ದೋಷ ತಟ್ಟುತ್ತದೆ ಎಂಬುದೇ ಆ ಪ್ರಶ್ನೆ.

ದೇವಾಲಯ, ವಿಗ್ರಹ, ಪೂರ್ವಕಾವ್ಯ ಇವುಗಳನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಭಕ್ತಿಯೂ ಅಭಿಮಾನವೂ ನಡುವೆ ಬಂದು ವಿಚಾರದ ದಾರಿಯನ್ನು ಮಸುಕುಗೊಳಿಸುವ ಸಂಭವವುಂಟು. ಆದಕಾರಣ ಅಳತೆಗೋಲಿಗೂ ತಕ್ಕಡಿಗೂ ಸಿಕ್ಕುವ ಒಂದು ವಸ್ತುವನ್ನು ಇಲ್ಲಿ ಆರಿಸಿಕೊಂಡಿದೆ. ಅದು ಹಳೆಯ ಮೋಟಾರುಗಾಡಿಯ ಇಂಜಿನಿನ ಬ್ಲಾಕು. ಒಡೆದ ಬ್ಲಾಕಿಗೆ ಬದಲಾಗಿ ಅದೇ ರೂಪದ ಹೊಸ ಬ್ಲಾಕನ್ನು ಎರಕಹೊಯ್ದು, ಕೊರೆದು, ಗಾಡಿಗೆ ಕೂಡಿಸುವ ಕೆಲಸ ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಇಂದು ನಡೆಯುತ್ತಿದೆ. ಕಬ್ಬಿಣಕ್ಕೆ ಅಭಿಮಾನವಿಲ್ಲ. ಅದರ ಮೇಲೆ ನಡೆಯುವ ವಿಚಾರವೂ ಅಷ್ಟರಮಟ್ಟಿಗೆ ನಿಷ್ಪಕ್ಷಪಾತವಾಗಿರುವುದೆಂದು ಆಶಿಸಬಹುದು.

ಬ್ಲಾಕೆಂದರೆ ಏನು? ಎಣ್ಣೆ ಉರಿದು ಒತ್ತಡ ಹುಟ್ಟುವ ಕೊಳವೆಗಳಿಗೆ ಸಿಲಿಂಡರುಗಳೆಂದು ಹೆಸರು. ನಾಲ್ಕು, ಆರು ಅಥವಾ ಎಂಟು ಸಿಲಿಂಡರುಗಳನ್ನೂ, ಅವುಗಳ ಬಿಸಿಯನ್ನು ಹೀರಿಕೊಳ್ಳುವ ನೀರು ಸುತ್ತಾಡುವ ಟೊಳ್ಳುಗಳನ್ನೂ ಒಳಗೊಂಡ ಕಬ್ಬಿಣದ ಎರಕವೇ ಬ್ಲಾಕು. ಪಿಸ್ಟನ್ನುಗಳು ಅದರೊಳಗೆ ಏರಿಳಿಯುತ್ತವೆ. ಗಾಡಿಯ ಬಣ್ಣ, ಆಸನ, ಚಕ್ರ, ಹೊದಿಕೆಗಳನ್ನು ಎಷ್ಟು ಸಲ ಬದಲಾಯಿಸಿದರೂ ಜನ ಅದನ್ನು ಅದೇ ಗಾಡಿಯೆಂದು ಒಪ್ಪುತ್ತಾರೆ. ಬ್ಲಾಕು ಬದಲಾದರೆ ಮಾತ್ರ ಹುಬ್ಬೇರಿಸುತ್ತಾರೆ. ಇಂಜಿನಿನ ಸಂಖ್ಯೆಯನ್ನು ಒತ್ತಿರುವುದು ಅನೇಕ ಗಾಡಿಗಳಲ್ಲಿ ಆ ಬ್ಲಾಕಿನ ಮೇಲೆ, ಇಲ್ಲವೆ ಅದಕ್ಕೆ ಕೂಡಿದ ಕ್ರ್ಯಾಂಕುಪೆಟ್ಟಿಗೆಯ ಮೇಲೆ. ದಫ್ತರಗಳಲ್ಲಿ ಗಾಡಿಯ ಗುರುತು ನಿಂತಿರುವುದು ಆ ಅಂಕೆಗಳ ಮೇಲೆ.

ಅಮೆರಿಕದ ಫೋರ್ಡ್ ಕಂಪೆನಿಯವರು ೧೯೦೮ರಿಂದ ೧೯೨೭ರ ವರೆಗೆ ತಮ್ಮ 'ಟಿ' ಮಾದರಿಯ ಗಾಡಿಗಳನ್ನು ಸುಮಾರು ಒಂದೂವರೆ ಕೋಟಿಯಷ್ಟು ಮಾಡಿದರು. ಅದರ ನಾಲ್ಕು ಸಿಲಿಂಡರುಗಳೂ ಒಂದೇ ಎರಕ. ಮೇಲಿನ ಮುಚ್ಚಳ ಬೇರೆ. ಅಂಥ ಗಾಡಿಯ ಬ್ಲಾಕು ಒಡೆದರೆ ಅದೇ ಕಾಲದ ಮತ್ತೊಂದನ್ನು ಹುಡುಕಿ ತರುವುದು ಅಸಾಧ್ಯವಲ್ಲ. ಲಂಡನ್ನಿನ ಕ್ರಿಕಲ್‌ವುಡ್ಡಿನಲ್ಲಿ ಬೆಂಟ್ಲಿ ಕಂಪೆನಿಯವರು ಮಾಡಿದ ಗಾಡಿಗಳ ಮಾತು ಬೇರೆ. ೧೯೧೯ರಲ್ಲಿ ಹುಟ್ಟಿದ ಆ ಕಂಪೆನಿ ೧೯೩೧ರಲ್ಲಿ ರೋಲ್ಸ್-ರಾಯ್ಸ್ ಕಂಪೆನಿಯ ಕೈಸೇರಿತು. ಅದರ 'ಸ್ಪೀಡ್ ಸಿಕ್ಸ್' ಎಂಬ ಗಾಡಿಗಳು ಇನ್ನೂರಕ್ಕೂ ಕಡಿಮೆ. ಆ ಕಾಲದ ಬೆಂಟ್ಲಿಗಳಲ್ಲಿ ಸಿಲಿಂಡರುಗಳೂ ಅವುಗಳ ತಲೆಯೂ ಸೇರಿ ಒಂದೇ ಎರಕ. ತಲೆಗೆ ಬಿರುಕು ಬಿದ್ದರೆ ತಲೆಯನ್ನಷ್ಟೇ ಬಿಚ್ಚಿ ಎಸೆಯುವಂತಿಲ್ಲ. ಇಡೀ ಬ್ಲಾಕಿಗೇ ಆಪತ್ತು. ಬದಲಿಗೆ ಹಳೆಯದು ಸಿಕ್ಕುವುದೂ ದುರ್ಲಭ. ಆದಕಾರಣವೇ ಹೊಸದಾಗಿ ಎರಕಹೊಯ್ಯುವ ಪ್ರಸಂಗ ಬರುತ್ತದೆ.

೨

ಹಳೆಯ ಬ್ಲಾಕುಗಳು ಒಡೆಯುವುದಕ್ಕೆ ಕಾರಣಗಳು ಹಲವು. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಶೀತದೇಶದ ಚಳಿಗಾಲದ ರಾತ್ರಿಯಲ್ಲಿ ನೀರನ್ನು ಬಸಿಯಲು ಮರೆತರೆ ಬೆಳಗಾಗುವಷ್ಟರಲ್ಲಿ ಜಲಕವಚ ಸೀಳಿಹೋಗಿರುತ್ತದೆ. ಇಲ್ಲವೆ ಓಟದ ನಡುವೆ ಒಳಗಿನ ದಂಡವೊಂದು ಮುರಿದು ಗೋಡೆಯನ್ನು ತೂರಿ ಹೊರಬರುತ್ತದೆ. ಇವೆರಡೂ ಆಗದಿದ್ದರೆ ನೂರು ವರ್ಷದ ತುಕ್ಕು ಒಳಗಿನಿಂದಲೇ ಗೋಡೆಯನ್ನು ತಿಂದು ತೆಳುವಾಗಿಸುತ್ತದೆ.

"ಹಳೆಯ ಬ್ಲಾಕು ಕೈಯಲ್ಲಿಯೇ ಇದೆಯಲ್ಲ, ಅದನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಕಬ್ಬಿಣ ಹೊಯ್ದರೆ ಸಾಲದೇ?" ಎಂದು ವಾಚಕರು ಕೇಳಬಹುದು. ಸಾಲದು. ಕರಗಿದ ಕಬ್ಬಿಣ ಗಟ್ಟಿಯಾಗಿ ತಣ್ಣಗಾಗುವಾಗ ಕುಗ್ಗುತ್ತದೆ. ಬ್ಲಾಕುಗಳಿಗೆ ಬಳಸುವ ಬೂದುಬಣ್ಣದ ಬೀಡುಕಬ್ಬಿಣದಲ್ಲಿ ಈ ಸಂಕೋಚ ಒಂದು ಅಡಿಗೆ ಅಂಗುಲದ ಎಂಟನೆಯ ಒಂದು ಪಾಲು, ಅಂದರೆ ನೂರಕ್ಕೆ ಸುಮಾರು ಒಂದು. ಎರಡಡಿ ಉದ್ದದ ಬ್ಲಾಕನ್ನೇ ಮಾದರಿಯಾಗಿಟ್ಟು ಎರೆದರೆ ಬರುವ ಪ್ರತಿ ಕಾಲಂಗುಲ ಗಿಡ್ಡವಾಗಿರುತ್ತದೆ. ಅದರ ತೂತುಗಳು ಗಾಡಿಯ ಮೊಳೆಗಳಿಗೆ ಹೊಂದುವುದಿಲ್ಲ. ಆ ಪ್ರತಿಯಿಂದ ಇನ್ನೊಂದು ಪ್ರತಿ ತೆಗೆದರೆ ಅದು ಇನ್ನೂ ಗಿಡ್ಡ. ಕಣ್ಣಿಗೆ ಕಂಡದ್ದನ್ನು ಕಂಡಂತೆಯೇ ನಕಲುಮಾಡುವವನ ಕೈಯಲ್ಲಿ ವಸ್ತು ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತ ಹೋಗುತ್ತದೆ. ಇದು ಕಬ್ಬಿಣಕ್ಕೆ ಮಾತ್ರ ಸಲ್ಲುವ ನಿಯಮವೇ ಎಂಬುದನ್ನು ವಿಚಾರವಂತರು ಯೋಚಿಸಬಹುದು.

ಆದ್ದರಿಂದ ಮಾದರಿಯನ್ನು ಕೆತ್ತುವ ಬಡಗಿಯು ಹಳೆಯ ಬ್ಲಾಕನ್ನು ಕೇವಲ ಅನುಕರಿಸುವುದಿಲ್ಲ, ಅದನ್ನು ಓದಿಕೊಳ್ಳುತ್ತಾನೆ. ಇಲ್ಲಿಯ ಅಳತೆ ಮೊದಲಿನದೇ ಅಥವಾ ಸವೆದು ಉಳಿದದ್ದೇ? ಈ ಮೇಲ್ಮೈಯನ್ನು ಎಷ್ಟು ದಪ್ಪ ಎರೆದು ಎಷ್ಟು ಕೆತ್ತಿ ತೆಗೆದಿದ್ದರು? ಈ ಏಣು ಬಲಕ್ಕಾಗಿ ಇಟ್ಟದ್ದೇ ಅಥವಾ ಮರಳಿನಿಂದ ಮಾದರಿ ಸಲೀಸಾಗಿ ಹೊರಬರಲೆಂದು ಇಟ್ಟ ಓರೆಯೇ? ಹೀಗೆ ಒಂದೊಂದು ಗೆರೆಗೂ ಕಾರಣವನ್ನು ಹುಡುಕಿ, ಎಂದೋ ತೀರಿಕೊಂಡ ನಕ್ಷೆಗಾರನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಅವನು ಊಹಿಸಿಕೊಳ್ಳಬೇಕಾಗುತ್ತದೆ. ಅವನ ಕೈಯಲ್ಲಿ ವಿಚಿತ್ರವಾದ ಒಂದು ಅಳತೆಗೋಲಿರುತ್ತದೆ. ಅದರ ಮೇಲೆ ಒಂದಡಿಯೆಂದು ಬರೆದಿರುವುದು ನಿಜವಾದ ಅಡಿಗಿಂತ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಉದ್ದ. ಕಬ್ಬಿಣ ಕುಗ್ಗುವಷ್ಟನ್ನು ಮೊದಲೇ ಕೂಡಿಸಿಟ್ಟ ಕೋಲು ಅದು. ಪೇಟೆಯಲ್ಲಿ ಬಟ್ಟೆ ಅಳೆಯುವವನು ಇಂಥ ಕೋಲನ್ನು ಹಿಡಿದರೆ ಮೋಸ. ಎರಕದ ಶಾಲೆಯಲ್ಲಿ ಇದೇ ಪ್ರಾಮಾಣಿಕತೆ. ಎರಡಕ್ಕೂ ಅಂತರವೆಲ್ಲಿ? ಬಡಗಿಯ ಕೋಲಿನ ಮೇಲೆ ಇದು ಸಂಕೋಚದ ಕೋಲೆಂದು ಸ್ಪಷ್ಟವಾಗಿ ಕೆತ್ತಿರುತ್ತದೆ. ಅದನ್ನು ಬಳಸುವವರೆಲ್ಲರೂ ಅದರ ಹೆಚ್ಚುವರಿಯನ್ನು ಬಲ್ಲರು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಇದರಿಂದ ಪ್ರಯೋಜನವುಂಟು.

ಮಾದರಿ ಸಿದ್ಧವಾದಮೇಲೆ ಅದರ ಸುತ್ತ ಮರಳನ್ನು ಗಟ್ಟಿಸಿ ಹೊರ ಅಚ್ಚನ್ನು ಮಾಡುವರು. ಸಿಲಿಂಡರು ಮತ್ತು ಜಲಕವಚಗಳ ಟೊಳ್ಳಿಗಾಗಿ ಒಳಗೆ ಬೇರೆ ಮರಳುಗಟ್ಟಿಗಳನ್ನು ಕೂಡಿಸುವರು. ಇವಕ್ಕೆ ಕೋರುಗಳೆಂದು ಹೆಸರು. ಬ್ಲಾಕಿನ ಕೆಲಸದಲ್ಲಿ ಕಷ್ಟವೆಲ್ಲ ಈ ಕೋರುಗಳಲ್ಲಿಯೇ ಇದೆ. ಕಬ್ಬಿಣದಲ್ಲಿ ನೂರಕ್ಕೆ ಮೂರು ಮೂರೂವರೆಯಷ್ಟು ಇಂಗಾಲವೂ ಎರಡರಷ್ಟು ಸಿಲಿಕಾನೂ ಇರುವಂತೆ ನೋಡಿಕೊಂಡು, ಸುಮಾರು ೧೩೫೦ರಿಂದ ೧೪೦೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಹೊಯ್ಯುವರು. ಆ ಬೆಂಕಿಯ ಪ್ರವಾಹದಲ್ಲಿ ಕೋರೊಂದು ಕೂದಲೆಳೆಯಷ್ಟು ಸರಿದರೂ ಗೋಡೆ ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ತೆಳುವಾಗುತ್ತದೆ. ತಣಿದಮೇಲೆ ಮರಳನ್ನು ಒಡೆದು ತೆಗೆದಾಗ ಹೊರಗಿನಿಂದ ನೋಡುವವನಿಗೆ ದೋಷವೇನೂ ಕಾಣದು.

ಬಳಿಕ ಎರಕದೊಳಗೆ ಹುದುಗಿದ ಬಿಗಿತವನ್ನು ಬಿಡಿಸಬೇಕು. ಹಿಂದೆ ಬ್ಲಾಕುಗಳನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಟ್ಟು ಹದಗೊಳಿಸುತ್ತಿದ್ದರು. ಈಗ ಕುಲುಮೆಯಲ್ಲಿ ಸುಮಾರು ೫೫೦ರಿಂದ ೬೦೦ ಡಿಗ್ರಿಯ ವರೆಗೆ ಕಾಯಿಸಿ ನಿಧಾನವಾಗಿ ಆರಿಸುತ್ತಾರೆ. ಆಮೇಲೆ ಒಂದು ಮುಖವನ್ನು ಸಮತಟ್ಟಾಗಿ ಕೆತ್ತಿ, ಅದನ್ನೇ ಆಧಾರವಾಗಿಟ್ಟುಕೊಂಡು ಉಳಿದ ಅಳತೆಗಳನ್ನೆಲ್ಲ ಗುರುತುಮಾಡುವರು. ಸ್ಪೀಡ್ ಸಿಕ್ಸಿನ ಒಂದೊಂದು ಸಿಲಿಂಡರಿನ ಅಡ್ಡಳತೆ ೧೦೦ ಮಿಲಿಮೀಟರು. ಅದನ್ನು ಕೊರೆದು ಸಾಣೆ ಹಿಡಿಯುವಾಗ ಮಿಲಿಮೀಟರಿನ ನೂರನೆಯ ಭಾಗಗಳನ್ನು ಲೆಕ್ಕವಿಡಬೇಕು. ಕೊನೆಗೆ ಜಲಕವಚಕ್ಕೆ ಒತ್ತಡದ ನೀರು ತುಂಬಿ ಎಲ್ಲಿಯಾದರೂ ಬೆವರುವುದೇ ಎಂದು ಪರೀಕ್ಷಿಸುವರು.

ಈಚೆಗೆ ಮಾದರಿಯ ಬಡಗಿಯೂ ಬೇಡವೆನ್ನುವಂಥ ಉಪಾಯವೊಂದು ಬಂದಿದೆ. ಹಳೆಯ ಬ್ಲಾಕನ್ನು ಬೆಳಕಿನ ಕಿರಣದಿಂದ ಅಳೆದು, ಗಣಕಯಂತ್ರದಲ್ಲಿ ಅದರ ಆಕೃತಿಯನ್ನು ಕಟ್ಟಿ, ಮರಳಿನ ಅಚ್ಚನ್ನು ಪದರ ಪದರವಾಗಿ ಯಂತ್ರದಿಂದಲೇ ಮುದ್ರಿಸುವ ಕ್ರಮವದು. ೧೯೧೪ರ ಫ್ರೆಂಚ್ ಡೆಲಾಜ್ ಪಂದ್ಯದ ಗಾಡಿಯೊಂದು ಆಸ್ಟ್ರೇಲಿಯದಲ್ಲಿ ಉಳಿದಿದ್ದು, ಅದರ ಒಡೆದ ಬ್ಲಾಕಿಗೆ ಬದಲಿಯನ್ನು ಆ ದೇಶದ ಸರಕಾರಿ ವಿಜ್ಞಾನ ಸಂಸ್ಥೆಯ ನೆರವಿನಿಂದ ಹೀಗೆಯೇ ಎರಕಹೊಯ್ಯಲಾಯಿತು. ಆದರೆ ಕಿರಣವು ಸವೆದದ್ದನ್ನು ಸವೆದಂತೆಯೇ ಅಳೆಯುತ್ತದೆ. ಬಿರುಕನ್ನು ಬಿರುಕೆಂದು ತಿಳಿಯದು. ಯಾವುದನ್ನು ಉಳಿಸಬೇಕು, ಯಾವುದನ್ನು ತಿದ್ದಬೇಕೆಂಬ ವಿವೇಕ ಮನುಷ್ಯನಿಗೇ ಬಿಟ್ಟದ್ದು. ಸಂಕೋಚದ ಲೆಕ್ಕವೂ ಅಲ್ಲಿ ತಪ್ಪಿದ್ದಲ್ಲ.

೩

ಹೀಗೆ ಮಾಡಿದ ಬ್ಲಾಕನ್ನು ಕೂಡಿಸಿಕೊಂಡು ಗಾಡಿ ಓಡತೊಡಗಿತೆನ್ನೋಣ. ಇದು ಆ ಗಾಡಿಯೇ?

ಗ್ರೀಕರಲ್ಲಿ ಪ್ಲುಟಾರ್ಕನು ಥೀಸಿಯಸನ ಹಡಗಿನ ಕಥೆಯನ್ನು ಹೇಳಿದ್ದಾನೆ. ಹಡಗಿನ ಹಲಗೆಗಳು ಕೊಳೆತಂತೆಲ್ಲ ಹೊಸ ಹಲಗೆಗಳನ್ನು ಹಾಕುತ್ತ ಬಂದರಂತೆ. ಕಡೆಗೆ ಅದು ಅದೇ ಹಡಗೆಂದು ಕೆಲವರೂ ಅಲ್ಲವೆಂದು ಕೆಲವರೂ ವಾದಿಸಿದರಂತೆ. ನಮ್ಮ ದೇಶದ ಬೌದ್ಧ ವಾಙ್ಮಯದಲ್ಲಿ ಇದಕ್ಕೆ ಇನ್ನೂ ಸಮೀಪದ ಪ್ರಸಂಗವುಂಟು. ಮಿಲಿಂದರಾಜನು ನಾಗಸೇನ ಭಿಕ್ಷುವಿನ ಬಳಿಗೆ ರಥವೇರಿ ಬಂದನು. ರಥವೆಂದರೆ ಯಾವುದು? ಈಚೇ? ಅಚ್ಚೇ? ಚಕ್ರವೇ? ನೊಗವೇ? ಇವೆಲ್ಲದರ ರಾಶಿಯೇ? ಅಥವಾ ಇವೆಲ್ಲವನ್ನೂ ಬಿಟ್ಟು ಬೇರೆಯದೇ? ಎಂದು ನಾಗಸೇನನು ಒಂದೊಂದಾಗಿ ಕೇಳುತ್ತ ಹೋದನು. ರಾಜನು ಎಲ್ಲಕ್ಕೂ ಅಲ್ಲವೆಂದನು. ಅವಯವಗಳ ಒಂದು ಕೂಟವನ್ನು ಆಶ್ರಯಿಸಿ ವ್ಯವಹಾರಕ್ಕಾಗಿ ಇಟ್ಟ ಹೆಸರೇ ರಥವೆಂಬುದು ಅಲ್ಲಿಯ ನಿರ್ಣಯ.

ಈ ನಿರ್ಣಯ ತತ್ತ್ವದಲ್ಲಿ ಎಷ್ಟು ಗಂಭೀರವಾದರೂ ಪೇಟೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಅಷ್ಟಕ್ಕೇ ನಿಲ್ಲುವಂತಿಲ್ಲ. ೧೯೯೦ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಇಂಥದೇ ವ್ಯಾಜ್ಯವೊಂದು ಬಂದಿತು. 'ಓಲ್ಡ್ ನಂಬರ್ ಒನ್' ಎಂದು ಪ್ರಸಿದ್ಧವಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಗಾಡಿ ೧೯೨೯ ಮತ್ತು ೧೯೩೦ರಲ್ಲಿ ಫ್ರಾನ್ಸಿನ ಲ ಮಾನ್ ನಗರದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಗೆದ್ದಿತ್ತು. ಆಮೇಲೆ ಅದನ್ನು ಬಿಚ್ಚಿ ಬೇರೆ ಪಂದ್ಯಗಳಿಗಾಗಿ ಮಾರ್ಪಡಿಸಿದರು. ಎಂಟು ಲೀಟರಿನ ದೊಡ್ಡ ಇಂಜಿನನ್ನು ಕೂಡಿಸಿದರು. ೧೯೩೨ರಲ್ಲಿ ಬ್ರೂಕ್‌ಲ್ಯಾಂಡ್ಸಿನ ಪಂದ್ಯದಲ್ಲಿ ಅದು ಅಪಘಾತಕ್ಕೀಡಾಗಿ ಸವಾರ ಕ್ಲೈವ್ ಡನ್‌ಫೀ ಮಡಿದನು. ತರುವಾಯ ಅದನ್ನು ಮತ್ತೆ ಕಟ್ಟಿ ಬೇರೆ ಹೊದಿಕೆ ತೊಡಿಸಿದರು. ಹಲವು ದಶಕಗಳ ಮೇಲೆ ಒಬ್ಬರು ಅದನ್ನು ಭಾರಿ ಮೊತ್ತಕ್ಕೆ ಮಾರಲು ಒಪ್ಪಂದ ಮಾಡಿಕೊಂಡಾಗ, ಇದು ಆ ಗಾಡಿಯೇ ಅಲ್ಲವೆಂದು ಕೊಳ್ಳುವವರು ಹಿಂಜರಿದರು. ಗೆದ್ದ ಗಾಡಿಯಲ್ಲಿದ್ದ ಭಾಗಗಳಲ್ಲಿ ಉಳಿದಿದ್ದುದು ಬಹು ಸ್ವಲ್ಪವೆಂದು ವಿಚಾರಣೆಯಲ್ಲಿ ಹೊರಬಿತ್ತು. ಆದರೂ ನ್ಯಾಯಾಧೀಶ ಆಟನ್ನರು ಮಾರುವವರ ಪಕ್ಷದಲ್ಲಿ ತೀರ್ಪಿತ್ತರು. ಇದನ್ನು ಮೂಲರೂಪದ ಗಾಡಿಯೆನ್ನಲಾಗದು. ಆದರೆ ಕೇವಲ ಪ್ರತಿಕೃತಿಯೂ ಅಲ್ಲ. ಇದರ ಇತಿಹಾಸದ ಎಳೆ ಎಲ್ಲಿಯೂ ಕಡಿಯದೆ ಬಂದಿದೆ. ಆ ಹೆಸರಿಗೆ ಹಕ್ಕುಳ್ಳ ಬೇರೆ ಗಾಡಿ ಜಗತ್ತಿನಲ್ಲಿಲ್ಲ. ಆದ್ದರಿಂದ ಇದೇ ಅಧಿಕೃತವಾದ 'ಓಲ್ಡ್ ನಂಬರ್ ಒನ್' ಎಂಬುದು ಆ ತೀರ್ಪಿನ ಸಾರ.

ಈ ತೀರ್ಪು ವಿಚಾರಾರ್ಹವಾದದ್ದು. ವಸ್ತುವಿನ ಐಕ್ಯವನ್ನು ಅದು ದ್ರವ್ಯದಲ್ಲಿಯೂ ಹುಡುಕಲಿಲ್ಲ, ಆಕಾರದಲ್ಲಿಯೂ ಹುಡುಕಲಿಲ್ಲ. ದ್ರವ್ಯವೇ ಐಕ್ಯವೆಂದರೆ ಬ್ಲಾಕು ಬದಲಾದ ಗಾಡಿಯೆಲ್ಲ ಬೇರೆಯದಾಗಬೇಕು. ಟಯರು ಬದಲಾಯಿಸಿದರೂ ಅಷ್ಟಿಷ್ಟು ಬೇರೆಯಾಗಬೇಕು. ಆಕಾರವೇ ಐಕ್ಯವೆಂದರೆ ಒಂದೇ ಅಚ್ಚಿನ ಹತ್ತು ಗಾಡಿಗಳೂ ಒಂದೇ ಗಾಡಿಯಾಗಬೇಕು. ಬೆಂಟ್ಲಿ ಕಂಪೆನಿಯವರೇ ತಮ್ಮ ೧೯೨೯ರ 'ಬ್ಲೋಯರ್' ಗಾಡಿಯೊಂದನ್ನು ಬಿಚ್ಚಿ ಅಳೆದು, ಅದರಂತೆಯೇ ಹನ್ನೆರಡು ಹೊಸ ಗಾಡಿಗಳನ್ನು ಮಾಡುವುದಾಗಿ ೨೦೧೯ರಲ್ಲಿ ಸಾರಿ, ಹಾಗೆಯೇ ಮಾಡಿದರು. ಅವು ೧೯೨೯ರ ಗಾಡಿಗಳೆಂದು ಯಾರೂ ಹೇಳಲಿಲ್ಲ, ಮಾಡಿದವರೂ ಹೇಳಲಿಲ್ಲ. ರೂಪ ಅಷ್ಟೊಂದು ಸಮೀಪವಾಗಿದ್ದರೂ ಅವುಗಳ ಜನ್ಮಕಥೆ ಬೇರೆ. ಹೀಗಿರಲು ಐಕ್ಯದ ಆಶ್ರಯ ಆ ಕಥೆಯೇ ಎನ್ನಬೇಕಾಗುತ್ತದೆ. ಯಾವ ಭಾಗ ಯಾವಾಗ ಹೋಯಿತು, ಯಾವುದು ಯಾವಾಗ ಬಂತು, ಯಾರ ಕೈಯಿಂದ ಬಂತು ಎಂಬ ಅವಿಚ್ಛಿನ್ನ ವೃತ್ತಾಂತವೇ ವಸ್ತುವನ್ನು ಅದೇ ವಸ್ತುವಾಗಿ ಉಳಿಸುತ್ತದೆ.

ಇದನ್ನು ಒಪ್ಪಿದೊಡನೆಯೇ ನೀತಿಯ ಭಾರ ನಮ್ಮ ಹೆಗಲೇರುತ್ತದೆ. ದ್ರವ್ಯ ತನ್ನನ್ನು ತಾನೇ ಕಾಯ್ದುಕೊಳ್ಳಬಹುದು. ಕಥೆಯನ್ನು ಕಾಯುವವರು ಮನುಷ್ಯರು. ಐಕ್ಯವು ವೃತ್ತಾಂತದಲ್ಲಿದ್ದರೆ ವೃತ್ತಾಂತವನ್ನು ಕೆಡಿಸುವವನು ವಸ್ತುವನ್ನೇ ಕೆಡಿಸಿದ ಹಾಗೆ. ಸುತ್ತಿಗೆಯಿಂದ ಬ್ಲಾಕನ್ನು ಒಡೆದವನಿಗಿಂತ ಅವನ ಅಪರಾಧ ಕಿರಿದಲ್ಲ.

೪

ಅಂಥ ಅಪರಾಧಕ್ಕೆ ಅವಕಾಶವಾಗುವುದು ಒಂದೇ ಗಳಿಗೆಯಲ್ಲಿ. ಹೊಸ ಬ್ಲಾಕು ಕೆಲಸಗಾರನ ಮೇಜಿನ ಮೇಲಿದೆ. ಸಂಖ್ಯೆಯನ್ನು ಒತ್ತುವ ಚೊಕ್ಕ ಜಾಗ ಬರಿದಾಗಿದೆ. ಅಂಕೆಯ ಉಳಿಗಳೂ ಸುತ್ತಿಗೆಯೂ ಕೈಯಲ್ಲಿವೆ. ಹಳೆಯ ಬ್ಲಾಕಿನ ಸಂಖ್ಯೆಯನ್ನೇ ಇಲ್ಲಿ ಒತ್ತಬೇಕೇ? ಅಥವಾ ಇದು ಇಂಥ ವರ್ಷ ಇಂಥಲ್ಲಿ ಎರೆದ ಹೊಸತೆಂಬ ಗುರುತನ್ನು ಹಾಕಬೇಕೇ?

ಹಳೆಯ ಸಂಖ್ಯೆಯನ್ನೇ ಒತ್ತಬೇಕೆನ್ನುವವರ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳೋಣ. ಅವರು ಹೇಳುವುದಿಷ್ಟು: "ಸಂಖ್ಯೆಯೆಂಬುದು ಕಬ್ಬಿಣದ ಹೆಸರಲ್ಲ, ಗಾಡಿಯ ಹೆಸರು. ಗಾಡಿ ಅದೇ ಎಂದು ನೀವೇ ಒಪ್ಪಿದಿರಿ. ಹಾಗಾದರೆ ಹೆಸರೂ ಅದೇ ಇರತಕ್ಕದ್ದಲ್ಲವೇ? ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ಅದನ್ನು ಯಾರೂ ವಂಚನೆಯೆನ್ನರು. ಅಲ್ಲದೆ ಅಂಕೆಗಳು ಹೊಂದದಿದ್ದರೆ ಅಧಿಕಾರಿಗಳ ಕಾಗದಪತ್ರಗಳಲ್ಲಿ ತೊಡಕು, ಬೆಲೆಯಲ್ಲಿ ಇಳಿತ. ಯಾರಿಗೂ ನಷ್ಟವಿಲ್ಲದ ನಾಲ್ಕು ಅಂಕೆಗಳಿಗಾಗಿ ಇಷ್ಟು ಚರ್ಚೆಯೇಕೆ?"

ಈ ವಾದದಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಗಾಡಿಯ ಹೆಸರು ಗಾಡಿಗೆ ಸಲ್ಲುವುದು ನ್ಯಾಯವೇ. ಚೌಕಟ್ಟಿನ ಸಂಖ್ಯೆ ಅದಕ್ಕಾಗಿ ಇದ್ದೇ ಇದೆ. ಆದರೆ ಬ್ಲಾಕಿನ ಮೇಲಣ ಸಂಖ್ಯೆ ಕೇವಲ ಹೆಸರಲ್ಲ, ಅದೊಂದು ಸಾಕ್ಷ್ಯವಾಕ್ಯ. ಈ ಕಬ್ಬಿಣವನ್ನು ಇಂಥ ಕಾರ್ಖಾನೆಯಲ್ಲಿ ಇಂಥ ಕಾಲದಲ್ಲಿ ಕೂಡಿಸಿದರೆಂದು ಅದು ಹೇಳುತ್ತದೆ. ಮೊಮ್ಮಗನು ಅಜ್ಜನ ಹೆಸರನ್ನು ಹೊರುತ್ತಾನೆ. ಅಜ್ಜನ ಜನ್ಮಪತ್ರಿಕೆಯನ್ನು ತನ್ನದೆಂದು ತೋರಿಸುವುದಿಲ್ಲ. ತೋರಿಸಿದನೆಂದರೆ ಅಲ್ಲಿಂದಾಚೆಗೆ ಅವನು ಹೇಳುವ ನಿಜವನ್ನೂ ಜನ ನಂಬರು.

ಯಾರಿಗೂ ನಷ್ಟವಿಲ್ಲವೆಂಬ ಮಾತೂ ನಿಲ್ಲತಕ್ಕದ್ದಲ್ಲ. ಹಳೆಯ ಒಡಕು ಬ್ಲಾಕನ್ನು ಹಿತ್ತಲಿಗೆ ಎಸೆದರೆನ್ನೋಣ. ಬಿರುಕಿನ ಉದ್ದಕ್ಕೂ ಲೋಹದ ಬೆಣೆಗಳನ್ನು ತಣ್ಣಗೆಯೇ ಹೊಡೆದು ಹೊಲಿಯುವ ವಿದ್ಯೆ ಇಂದು ಚೆನ್ನಾಗಿ ಬೆಳೆದಿದೆ. ಇಪ್ಪತ್ತು ವರ್ಷದ ಮೇಲೆ ಮತ್ತೊಬ್ಬನು ಆ ಒಡಕನ್ನು ಕೊಂಡು, ಹೊಲಿಸಿ, ಅದರ ಸುತ್ತ ಇನ್ನೊಂದು ಗಾಡಿಯನ್ನು ಕಟ್ಟಬಲ್ಲನು. ಆಗ ಒಂದೇ ಸಂಖ್ಯೆಯ ಎರಡು ಗಾಡಿಗಳು ಲೋಕದಲ್ಲಿರುತ್ತವೆ. ಯಾವುದು ನಿಜವೆಂದು ಹೇಳಬಲ್ಲವರು ಆ ಹೊತ್ತಿಗೆ ಉಳಿದಿರಲಾರರು. ಕೊಂಡವನಿಗೆ ನಷ್ಟ; ಇತಿಹಾಸ ಬರೆಯುವವನಿಗೆ ನಷ್ಟ. ಇವೆರಡಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದುಂಟು. ಅಷ್ಟು ಶ್ರಮದಿಂದ ಮಾದರಿ ಕೆತ್ತಿದ ಬಡಗಿ, ಕೋರು ಕೂಡಿಸಿದವನು, ಕಬ್ಬಿಣ ಹೊಯ್ದವನು, ಸಿಲಿಂಡರು ಕೊರೆದವನು, ಇವರೆಲ್ಲರ ಕೆಲಸ ಆ ಸುಳ್ಳು ಅಂಕೆಗಳ ಕೆಳಗೆ ಹೂತುಹೋಗುತ್ತದೆ. ೧೯೨೯ರ ಕೆಲಸಗಾರರು ಮಾಡದ ಬ್ಲಾಕಿನ ಕೀರ್ತಿ ಅವರಿಗೆ ಸಲ್ಲುತ್ತದೆ, ಮಾಡಿದವರು ಇಲ್ಲವಾಗುತ್ತಾರೆ. ಹಳಬರಿಗೆ ಗೌರವವೆಂದು ಕಂಡದ್ದು ಹೊಸಬರಿಗೆ ಅನ್ಯಾಯವಾಗಿ ಪರಿಣಮಿಸುತ್ತದೆ.

ಸಾಹಿತ್ಯಾಭಿಮಾನಿಗಳಾದ ನಮ್ಮ ವಾಚಕರಿಗೆ ಈ ನ್ಯಾಯ ಹೊಸತಲ್ಲ. ಓಲೆಗರಿಯ ಪ್ರತಿಯಲ್ಲಿ ಹುಳು ತಿಂದು ನಾಲ್ಕು ಅಕ್ಷರ ಹೋಗಿದ್ದರೆ ಗ್ರಂಥಸಂಪಾದಕನು ಛಂದಸ್ಸನ್ನೂ ಅರ್ಥವನ್ನೂ ತೂಗಿ ನೋಡಿ ಅವನ್ನು ಊಹಿಸಿ ತುಂಬುತ್ತಾನೆ; ತುಂಬಿದ್ದನ್ನು ಕಂಸದಲ್ಲಿಟ್ಟು ಅಚ್ಚುಹಾಕಿಸುತ್ತಾನೆ. ಅವನನ್ನು ಯಾರೂ ಕಳ್ಳನೆನ್ನುವುದಿಲ್ಲ, ವಿದ್ವಾಂಸನೆಂದು ಮನ್ನಿಸುತ್ತಾರೆ. ಅದೇ ಅಕ್ಷರಗಳು, ಅದೇ ಊಹೆ, ಕಂಸ ಮಾತ್ರ ಇಲ್ಲವಾದರೆ ಅವನು ಕವಿಯ ಬಾಯಲ್ಲಿ ತನ್ನ ಮಾತನ್ನು ತುರುಕಿದವನಾಗುತ್ತಾನೆ. ನಮ್ಮ ನಾಡಿನ ತಾಮ್ರಪಟಗಳ ನಡುವೆ ಕೂಟಶಾಸನಗಳೂ ಸೇರಿಕೊಂಡು ಚರಿತ್ರಕಾರರನ್ನು ಎಷ್ಟು ದಣಿಸಿವೆಯೆಂಬುದೂ ತಿಳಿದದ್ದೇ. ಆ ತಾಮ್ರ ಕೆಟ್ಟದ್ದಲ್ಲ, ಕೆತ್ತನೆಯೂ ಎಷ್ಟೋ ಕಡೆ ಸುಂದರ. ಕೆಟ್ಟದ್ದು ಅದರ ಮೇಲೆ ಹಾಕಿದ ಕಾಲ. ಹೊಸ ಬ್ಲಾಕಿನ ಮೇಲೆ ಹೊಸ ಗುರುತನ್ನು ಒತ್ತುವುದು ಸಂಪಾದಕನು ಹಾಕುವ ಕಂಸಕ್ಕೆ ಸಮಾನ. ಬಡಗಿಯ ಸಂಕೋಚದ ಕೋಲಿನ ಮೇಲಣ ಬರೆಹವೂ ಅಂಥದೇ. ವ್ಯತ್ಯಾಸವಿರುವುದು ತಪ್ಪಲ್ಲ, ವ್ಯತ್ಯಾಸವನ್ನು ಬರೆದಿಡದಿರುವುದು ತಪ್ಪು.

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಆಶಯವೂ ಹೆಚ್ಚು ಕಡಿಮೆ ಇದೇ. ಬದಲಾಯಿಸಿದ ಭಾಗಗಳಿಗೆ ಕಣ್ಣಿಗೆ ಹೊಡೆಯದ, ಆದರೆ ಅಳಿಯದ ಗುರುತು ಹಾಕಬೇಕು; ಮಾಡಿದ ಕೆಲಸಕ್ಕೆಲ್ಲ ದಾಖಲೆಯಿಡಬೇಕು ಎಂದು ಅದು ವಿಧಿಸುತ್ತದೆ. ನಮ್ಮ ದೇಶದಲ್ಲಿಯೂ ೨೦೨೧ರಲ್ಲಿ ಕೇಂದ್ರ ಸರಕಾರದವರು ಐವತ್ತು ವರ್ಷ ಮೀರಿದ ಗಾಡಿಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದರು. ಗಾಡಿಯು ಮೂಲರೂಪದಲ್ಲಿಯೇ ಇರಬೇಕು, ಚೌಕಟ್ಟು, ಹೊದಿಕೆ, ಇಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು ಎಂಬುದು ಅವುಗಳಲ್ಲೊಂದು ನಿಬಂಧನೆ. ಅದೇ ಅಳತೆಯ ಹೊಸ ಎರಕ ಮಾರ್ಪಾಡೋ ದುರಸ್ತಿಯೋ ಎಂಬ ಸಂದೇಹ ಇಲ್ಲಿ ಬರುವುದು ಸಹಜ. ಒಡೆಯನು ಸಂಖ್ಯೆಯನ್ನು ಮರೆಮಾಚಿ ಆ ಸಂದೇಹದಿಂದ ಪಾರಾಗಲು ಆಶಿಸುವುದೂ ಸಹಜವೇ. ಆದರೆ ನಿಯಮದ ಉದ್ದೇಶ ಹಳೆಯದನ್ನು ಹಳೆಯದಾಗಿ ಉಳಿಸುವುದು. ನಿಜ ಹೇಳಿದವನ ಅರ್ಜಿಯನ್ನು ತಿರಸ್ಕರಿಸಿ ಸುಳ್ಳು ಒತ್ತಿದವನದನ್ನು ಸ್ವೀಕರಿಸುವ ಸ್ಥಿತಿ ಬರದಂತೆ ನೋಡಿಕೊಳ್ಳುವುದು ನಿಯಮವನ್ನು ಅರ್ಥೈಸುವವರ ಹೊಣೆ. ನಿಯಮ ಬಿಗಿಯಾಯಿತೆಂಬುದು ಒಡೆಯನ ಸುಳ್ಳಿಗೆ ಸಮರ್ಥನೆಯಾಗಲಾರದು.

೫

ಇನ್ನು ಉಳಿದದ್ದು ಸ್ವಲ್ಪ ಜಟಿಲವಾದ ಪ್ರಶ್ನೆ. ಹಳೆಯ ಬ್ಲಾಕು ಒಡೆದದ್ದು ಎಲ್ಲಿ ಗೋಡೆ ತೆಳುವಾಗಿತ್ತೋ ಅಲ್ಲಿ ಎನ್ನೋಣ. ಹೊಸತನ್ನು ಎರೆಯುವಾಗ ಆ ಗೋಡೆಯನ್ನು ದಪ್ಪಮಾಡಬಹುದೇ? ಇಂದು ದೊರೆಯುವ ಹೆಚ್ಚು ಬಲದ ಕಬ್ಬಿಣವನ್ನು ಬಳಸಬಹುದೇ? ಅಥವಾ ಹಿಂದಿನವರ ದೋಷವನ್ನೂ ದೋಷವಾಗಿಯೇ ಪುನರಾವರ್ತಿಸಬೇಕೇ?

ಇಲ್ಲಿ ಎರಡು ಧರ್ಮಗಳು ಎದುರುಬದುರಾಗಿ ನಿಲ್ಲುತ್ತವೆ. ತೀರಿಕೊಂಡ ನಿರ್ಮಾಪಕನಿಗೆ ನಮ್ಮ ಋಣವೊಂದು. ನಾಳೆ ಈ ಗಾಡಿಯಲ್ಲಿ ಕುಳಿತು ಹೋಗುವವನಿಗೆ ನಮ್ಮ ಋಣ ಮತ್ತೊಂದು. ಮೊದಲನೆಯದನ್ನೇ ಪೂರ್ತಿ ಹಿಡಿದರೆ ಗೊತ್ತಿದ್ದೂ ಒಡೆಯುವಂಥದನ್ನು ಕಟ್ಟಿಕೊಟ್ಟ ಪಾಪ ಬರುತ್ತದೆ. ಎರಡನೆಯದನ್ನೇ ಪೂರ್ತಿ ಹಿಡಿದರೆ ಸುಧಾರಣೆಗೆ ಕೊನೆಯೆಲ್ಲಿ? ಕಬ್ಬಿಣಕ್ಕೆ ಬದಲು ಅಲ್ಯೂಮಿನಿಯಂ ಹಗುರ; ಅದಕ್ಕಿಂತ ಹೊಸ ಇಂಜಿನೇ ಲೇಸು; ಕಡೆಗೆ ಹೊಸ ಗಾಡಿಯೇ ಲೇಸು. ಸುಧಾರಣೆಯ ದಾರಿ ಹಿಡಿದವನು ಹಳೆಯದನ್ನು ಉಳಿಸಲು ಹೊರಟು ಅದನ್ನು ಅಳಿಸಿ ಮನೆಗೆ ಬರುತ್ತಾನೆ.

ನಮ್ಮ ಅಭಿಪ್ರಾಯ ಹೀಗಿದೆ. ಗಾಡಿಯನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವುದಾದರೆ ಒಡೆದ ಬ್ಲಾಕನ್ನು ಒಡೆದಂತೆಯೇ ಇಡುವುದು ಉತ್ತಮ. ಆ ಬಿರುಕೂ ಕಥೆಯ ಒಂದು ಅಧ್ಯಾಯ. ಓಡಿಸುವುದಾದರೆ ಪ್ರಾಣರಕ್ಷಣೆಗೆ ಬೇಕಾದಷ್ಟು ತಿದ್ದುಪಡಿ ನ್ಯಾಯ. ಅದರಿಂದಾಚೆಗೆ ಅನುಕೂಲಕ್ಕಾಗಿ, ವೇಗಕ್ಕಾಗಿ ಮಾಡುವ ತಿದ್ದುಪಡಿ ಅನ್ಯಾಯ. ಮಾಡಿದ್ದು ಎಷ್ಟೇ ಚಿಕ್ಕದಾದರೂ ಅದನ್ನು ಬರೆದಿಡತಕ್ಕದ್ದು. ಇಲ್ಲವಾದರೆ ಮುಂದೆ ಯಾವನೋ ಒಬ್ಬನು ಈ ದಪ್ಪ ಗೋಡೆಯನ್ನು ಅಳೆದು, ೧೯೨೦ರ ದಶಕದ ಎರಕದವರು ಇಷ್ಟು ಬಲವಾಗಿ ಎರೆಯುತ್ತಿದ್ದರೆಂದು ಪುಸ್ತಕದಲ್ಲಿ ಬರೆದಾನು. ಆಗ ನಮ್ಮ ಸದುದ್ದೇಶವೇ ಅವನ ಅಜ್ಞಾನಕ್ಕೆ ಕಾರಣವಾಗುತ್ತದೆ. ಒಡೆದ ಬ್ಲಾಕನ್ನು ಕುಲುಮೆಗೆ ಹಾಕದೆ ಗಾಡಿಯೊಡನೆಯೇ ಕಾಪಾಡಿ, ಮಾರುವಾಗ ಎರಡನ್ನೂ ಒಟ್ಟಿಗೆ ಒಪ್ಪಿಸಬೇಕು. ಹೊಸದರ ಮಾತು ನಿಜವೇ ಎಂದು ಪರೀಕ್ಷಿಸಲು ಹಳೆಯದು ಸಾಕ್ಷಿಯಾಗಿ ಉಳಿದಿರಲಿ. ಇದಕ್ಕೆ ಬೇಕಾದದ್ದು ಮೂಲೆಯಲ್ಲಿ ಒಂದಿಷ್ಟು ಜಾಗ ಮಾತ್ರ.

ಎರಕದವನ ಧರ್ಮವನ್ನೂ ಇಲ್ಲಿ ಹೇಳದೆ ಬಿಡಲಾಗದು. ಕೋರು ಸರಿದು ಗೋಡೆ ತೆಳುವಾದದ್ದು ಹೊರಗೆ ಕಾಣದೆಂದು ಮೊದಲೇ ಹೇಳಿದೆ. ಅದು ಗೊತ್ತಾಗುವುದು ಅವನೊಬ್ಬನಿಗೇ. ವಾರಗಟ್ಟಲೆ ದುಡಿದ ಎರಕವನ್ನು ಒಡೆದು ಮತ್ತೆ ಕುಲುಮೆಗೆ ಹಾಕುವುದು ಹೊಟ್ಟೆಯುರಿಯುವ ಕೆಲಸ. ಒಂದು ಬಳಿದ ಬಣ್ಣ, ಒಂದು ಮೌನ, ಇಷ್ಟರಿಂದ ಅವನು ಪಾರಾಗಬಹುದು. ಪಾರಾಗದೆ ಒಡೆದುಹಾಕುವ ಎರಕದವರಿದ್ದಾರೆ. ಅವರಿಂದಲೇ ಈ ವಿದ್ಯೆಗೆ ಮಾನ ಉಳಿದಿದೆ. ಹೊರಗಿನ ಸಂಖ್ಯೆಯ ಸತ್ಯಕ್ಕೂ ಒಳಗಿನ ಗೋಡೆಯ ಸತ್ಯಕ್ಕೂ ಮೂಲ ಒಂದೇ. ಒಂದನ್ನು ಲಘುವಾಗಿ ಕಂಡವನ ಕೈಯಲ್ಲಿ ಇನ್ನೊಂದು ಸುರಕ್ಷಿತವೆಂದು ನಂಬುವುದು ಕಷ್ಟ.

ಸಾರಾಂಶವಾಗಿ ಹೇಳುವುದಾದರೆ, ಒಡೆದದ್ದನ್ನು ಮತ್ತೆ ಮಾಡುವುದು ಪುಣ್ಯಕಾರ್ಯವೇ. ಅದರಲ್ಲಿ ಪೂರ್ವಿಕರ ಬುದ್ಧಿಗೆ ಗೌರವವುಂಟು, ಇಂದಿನವರ ಕೈಗೆ ಕೆಲಸವುಂಟು, ಮುಂದಿನವರ ಕಣ್ಣಿಗೆ ಕಾಣುವ ಓಡುವ ಇತಿಹಾಸವುಂಟು. ಹೊಸ ಕಬ್ಬಿಣ ಬಂದಿತೆಂದು ಹಳೆಯ ಗಾಡಿ ಸಾಯುವುದಿಲ್ಲ. ಅದರ ಕಥೆ ಮುಂದುವರಿದಿರುವ ವರೆಗೆ ಅದು ಅದೇ ಗಾಡಿ. ಆ ಕಥೆಯ ಹೊಸ ವಾಕ್ಯವನ್ನು ಬರೆಯುವ ಅಧಿಕಾರ ಸುತ್ತಿಗೆ ಹಿಡಿದವನದು. ಅವನು ಬ್ಲಾಕಿನ ಆ ಬರಿದ ಜಾಗದಲ್ಲಿ ತನ್ನ ಕಾಲದ ವರ್ಷವನ್ನೇ ಒತ್ತಲಿ. ಗಾಡಿಯ ಬೆಲೆ ಅದರಿಂದ ಸ್ವಲ್ಪ ಇಳಿದರೆ ಆ ಇಳಿತವನ್ನು ಒಡೆಯನು ಸತ್ಯಕ್ಕಾಗಿ ತೆತ್ತ ತೆರಿಗೆಯೆಂದು ಭಾವಿಸಲಿ. ಅದನ್ನು ತೆರಲಾರದವನು ಹಳೆಯ ವಸ್ತುಗಳ ಒಡೆತನಕ್ಕೆ ಕೈಹಾಕದಿರುವುದು ಲೇಸು.